ಬೆನ್ನು ತಿರುಗಿಸಿ ಬರೆದ ಅಳತೆ

ಬೆಳಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಟೈಲರ್ ಮಾಸ್ತರು ಒಬ್ಬ ವಕೀಲರ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ಪ್ಯಾಂಟಿನ ಉದ್ದ ಅಳೆಯುತ್ತಿದ್ದರು. ಟೇಪಿನ ಮೇಲಿನ ತುದಿಯನ್ನು ವಕೀಲರೇ ಸೊಂಟಕ್ಕೆ ಒತ್ತಿ ಹಿಡಿದಿದ್ದರು. ಕೆಳಗಿನದು ಹಿಮ್ಮಡಿಯ ಪಕ್ಕ, ಮಾಸ್ತರ ಹೆಬ್ಬೆರಳಿನ ಅಡಿಯಲ್ಲಿತ್ತು. ‘ಮೂವತ್ತೊಂಬತ್ತೂವರೆ’ ಎಂದರು. ನಾಲ್ಕು ಹೆಜ್ಜೆ ಆಚೆ, ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತಿದ್ದ ಮಾಸ್ತರ ಹೆಂಡತಿ ಅದನ್ನು ಅಳತೆ ಪುಸ್ತಕದಲ್ಲಿ ಬರೆದು, ಪೆನ್ಸಿಲು ಮೇಲೆತ್ತಿ ಮುಂದಿನ ಅಂಕಿಗೆ ಕಾದರು. ಉದ್ದವಾದ ಮೇಲೆ ಸೊಂಟ. ಮಾಸ್ತರು ಎದ್ದು ನಿಂತ ಸದ್ದು ಕೇಳಿಸಿತು. ಸೊಂಟದ ಅಂಕಿ ಬರಲಿಲ್ಲ.

ನಲವತ್ತೊಂದು ವರ್ಷಗಳಲ್ಲಿ ಒಂದು ಅಂಕಿಗೂ ಇನ್ನೊಂದಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತಿಗಿಂತ ಹೆಚ್ಚು ಅಂತರ ಇದ್ದದ್ದೇ ಇಲ್ಲ. ಆಕೆ ತಿರುಗಿ ನೋಡಿದರು. ಮಾಸ್ತರು ಎರಡೂ ಕೈಗಳಿಂದ ವಕೀಲರ ಕರಿ ಕೋಟಿನ ಕಾಲರು ಹಿಡಿದು, ಕಣ್ಣು ತೆರೆದುಕೊಂಡೇ ಏನನ್ನೂ ಕಾಣದವರ ಹಾಗೆ ನಿಂತಿದ್ದರು. ತುಟಿ ಬಿಳಿಚಿಕೊಂಡಿತ್ತು. ಹತ್ತು ಹನ್ನೆರಡು ಸೆಕೆಂಡು ಕಳೆದಿರಬಹುದು. ಮುಖಕ್ಕೆ ಬಣ್ಣ ಮರಳಿತು, ಕೈ ಸಡಿಲವಾಯಿತು.

“ಕೋರ್ಟಲ್ಲಿ ಎದುರು ಪಾರ್ಟಿಯವರೂ ನನ್ನ ಕಾಲರ್ ಹೀಗೆ ಹಿಡಿದಿಲ್ಲ ಮಾಸ್ತರೇ” ಎಂದರು ವಕೀಲರು, ಗಾಬರಿಯನ್ನು ನಗೆಯಲ್ಲಿ ಮುಚ್ಚಿ.

ಮಾಸ್ತರೂ ನಕ್ಕರು. ಕಣ್ಣು ಕತ್ತಲೆ ಬಂತು ಅಷ್ಟೇ, ಬೆಳಗ್ಗೆ ಸರಿಯಾಗಿ ತಿಂದಿರಲಿಲ್ಲ ಎಂದರು. ಆಮೇಲೆ ಟೇಪನ್ನು ವಕೀಲರ ಸೊಂಟಕ್ಕೆ ಸುತ್ತಿ, ಸಣ್ಣಗೆ ಕೆಮ್ಮಿ, ‘ಮೂವತ್ತಾರು’ ಎಂದರು. ಹೆಂಡತಿ ಗೋಡೆಗೆ ತಿರುಗಿ ಮೂವತ್ತೆಂಟು ಎಂದು ಬರೆದು, ಅದರ ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟರು.

ಆ ಕೆಮ್ಮು, ಆ ಚುಕ್ಕೆ ಎರಡೂ ಅಂಗಡಿಯ ಗುಟ್ಟು. ಮದುವೆಯಾದ ಹೊಸತರಲ್ಲಿ ಆಕೆ ಗಿರಾಕಿಗಳ ಕಡೆಗೆ ಮುಖ ಮಾಡಿಯೇ ಕೂತು ಬರೆಯುತ್ತಿದ್ದರು. ಒಂದು ದಿನ ದಪ್ಪ ಹೊಟ್ಟೆಯ ಕಂಟ್ರಾಕ್ಟರೊಬ್ಬರು, ಮಾಸ್ತರು ‘ನಲವತ್ನಾಲ್ಕು’ ಎಂದು ಗಟ್ಟಿಯಾಗಿ ಹೇಳಿದಾಗ, ಹೆಂಗಸೊಬ್ಬಳು ತನ್ನನ್ನೇ ನೋಡುತ್ತಿರುವುದನ್ನು ಕಂಡು ಕೆಂಪಾದರು. ಅವರು ಮತ್ತೆ ಬರಲಿಲ್ಲ. ಮಾರನೆಯ ದಿನವೇ ಮಾಸ್ತರು ಸ್ಟೂಲನ್ನು ಗೋಡೆಯ ಕಡೆಗೆ ತಿರುಗಿಸಿದರು. ಸೊಂಟದ ಅಳತೆಯನ್ನು ಎರಡು ಇಂಚು ಕಡಿಮೆ ಮಾಡಿ ಹೇಳುವುದು, ಹೇಳುವ ಮುನ್ನ ಒಮ್ಮೆ ಕೆಮ್ಮುವುದು, ಕೆಮ್ಮು ಕೇಳಿದರೆ ಆಕೆ ಎರಡು ಕೂಡಿಸಿ ಬರೆದು ಚುಕ್ಕೆ ಇಡುವುದು ಎಂದು ಇಬ್ಬರೂ ಮಾತಾಡಿಕೊಂಡರು. “ಹೊಟ್ಟೆ ಅವರದ್ದು, ಹೊತ್ಕೊಂಡು ತಿರುಗೋರೂ ಅವರೇ. ಡಂಗುರ ಸಾರೋಕೆ ನಾವ್ಯಾರೇ?” ಎನ್ನುತ್ತಿದ್ದರು ಮಾಸ್ತರು. ಗಿರಾಕಿ ತೆಳ್ಳಗಿರುವ ಭ್ರಮೆಯಲ್ಲಿ ಮನೆಗೆ ಹೋಗುತ್ತಿದ್ದ. ಪ್ಯಾಂಟು ಮಾತ್ರ ಸರಿಯಾಗಿ ಕೂರುತ್ತಿತ್ತು.

ಅಂಗಡಿ ಹನ್ನೊಂದು ಅಡಿ ಅಗಲ, ಹದಿನಾಲ್ಕು ಅಡಿ ಉದ್ದ. ಹಿಂದಿನ ಕೋಣೆಯಲ್ಲಿ ಹೊಲಿಯುವವರು ಇಬ್ಬರು. ಮುಂದೆ, ನಟ್ಟನಡುವೆ, ಬಟ್ಟೆ ಕತ್ತರಿಸುವ ಟೇಬಲು. ಅದನ್ನು ಮಾಸ್ತರು ತಮ್ಮ ಸೊಂಟಕ್ಕೆ ಸರಿಹೊಂದುವ ಎತ್ತರಕ್ಕೆ, ಮೂವತ್ತೆಂಟು ಇಂಚಿಗೆ ಮಾಡಿಸಿಕೊಂಡಿದ್ದರು. ಗಿರಾಕಿಗಳಿಗೆಂದು ಕೈಯಿದ್ದ ಒಂದು ಕುರ್ಚಿ, ಹೆಂಡತಿಗೆ ಸ್ಟೂಲು. ಮಾಸ್ತರಿಗೆ ಆಸನವೇ ಇರಲಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಕತ್ತರಿ ಹಿಡಿದವರು ಎಪ್ಪತ್ತೆರಡರವರೆಗೂ ನಿಂತೇ ಕೆಲಸ ಮಾಡಿದ್ದರು. ಟೇಬಲಿನ ಮುಂದಿನ ನೆಲದಲ್ಲಿ ಅವರ ಎರಡು ಪಾದಗಳ ಜಾಗದಲ್ಲಿ ಸಿಮೆಂಟು ನುಣುಪಾಗಿ, ಬೇರೆಯೇ ಬಣ್ಣಕ್ಕೆ ತಿರುಗಿತ್ತು. ಕೂತವರ ಅಳತೆಯನ್ನೂ ಅವರು ತೆಗೆಯುತ್ತಿರಲಿಲ್ಲ. ಮಂಡಿನೋವಿನ ಮುದುಕರೊಬ್ಬರು ಒಮ್ಮೆ ಕುರ್ಚಿ ಬಿಟ್ಟು ಏಳದೆ, ಇಲ್ಲೇ ಅಳೆದುಕೊಳ್ಳಿ ಎಂದಾಗ ಮಾಸ್ತರು ಒಪ್ಪಲಿಲ್ಲ. “ಕೂತಾಗ ಮನುಷ್ಯ ಬೇರೆ, ನಿಂತಾಗ ಬೇರೆ ಸ್ವಾಮಿ. ಕೂತವರ ಅಳತೆಗೆ ಹೊಲಿದ್ರೆ, ನೀವು ಎದ್ದು ನಿಂತ ತಕ್ಷಣ ಅಂಗಿ ಸುಳ್ಳು ಹೇಳುತ್ತೆ” ಎಂದು, ತಾವೇ ಅವರ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ನಿಲ್ಲಿಸಿ ಅಳೆದಿದ್ದರು.

ಅದೇ ಮಾಸ್ತರ ರಕ್ತದೊತ್ತಡವನ್ನು ಒಂಬತ್ತು ವರ್ಷಗಳಿಂದ ಕೂರಿಸಿಯೇ ನೋಡಲಾಗುತ್ತಿತ್ತು. ಮೂರು ತಿಂಗಳಿಗೊಮ್ಮೆ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಮಡಚಿ ಕೈ ಕೊಡುವುದು, ನರ್ಸು ಹೇಳಿದ ಅಂಕಿ ಕೇಳಿಕೊಳ್ಳುವುದು, ಅದೇ ಮಾತ್ರೆಯನ್ನು ಮುಂದುವರಿಸುವುದು. ನಿಂತಾಗ ಎಷ್ಟಿದೆ ಎಂದು ನರ್ಸು ನೋಡಲಿಲ್ಲ, ಮಾಸ್ತರೂ ಕೇಳಲಿಲ್ಲ.

ವಕೀಲರ ಕಾಲರಿನ ಸಂಗತಿಯನ್ನು ಹೆಂಡತಿ ಮಗಳಿಗೆ ಹೇಳಿದರು. ಈ ಹೆಂಡತಿಯನ್ನು ಅಂಗಡಿಗೆ ಬರುವವರೂ ಹಿಂದಿನ ಕೋಣೆಯವರೂ ‘ಅಕ್ಕ’ ಎಂದೇ ಕರೆಯುತ್ತಿದ್ದರು. ಇನ್ನು ಮುಂದೆ ಇಲ್ಲೂ ಹಾಗೆಯೇ ಕರೆಯೋಣ. ಮಗಳು ಎರಡು ಬೀದಿ ಆಚೆ ಸಂಸಾರ ಹೂಡಿದ್ದವಳು, ಕುಡಿಯುವ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳು ಕೇಳಿದ ಎರಡನೇ ಪ್ರಶ್ನೆಗೇ ಬೇರೆ ವಿಷಯಗಳೂ ಹೊರಬಂದವು. ಹಾಸಿಗೆಯಿಂದ ಏಳುವಾಗ ಮಾಸ್ತರು ಕಿಟಕಿಯ ಸರಳು ಹಿಡಿದುಕೊಳ್ಳುತ್ತಾರೆ. ಕೆಳಗಿನ ಗೂಡಿನಿಂದ ಬಟ್ಟೆ ಎತ್ತಿಕೊಂಡು ಎದ್ದಾಗ ಟೇಬಲಿನ ಅಂಚಿಗೆ ಒರಗಿ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಮಗಳು ಅಪ್ಪನನ್ನು ಮಾರನೆಯ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಕೂತಾಗ ನೂರ ಅರವತ್ತೆರಡು ಇತ್ತು. ಮೇಲಿನ ಅಂಕಿ, ಕೆಳಗಿನ ಅಂಕಿ ಎಂದು ಎರಡಿರುತ್ತವೆ. ಇಲ್ಲಿ ಹೇಳುವುದೆಲ್ಲ ಮೇಲಿನದು. ಡಾಕ್ಟರು ಎಬ್ಬಿಸಿ ನಿಲ್ಲಿಸಿ ಮತ್ತೆ ನೋಡಿದರು. ನೂರ ನಲವತ್ತೊಂದು. ಇಪ್ಪತ್ತೊಂದರ ಇಳಿತ. ಒಂದೇ ಸಲದ ಅಂಕಿಯಿಂದ ಏನನ್ನೂ ತೀರ್ಮಾನಿಸಲು ಅವರು ಒಪ್ಪಲಿಲ್ಲ. ಎರಡು ವಾರ, ದಿನಾ ಬೆಳಗ್ಗೆ ಮಾತ್ರೆ ನುಂಗಿ ಒಂದು ಗಂಟೆಯಾದ ಮೇಲೆ, ಐದು ನಿಮಿಷ ಕೂತು ಒಂದು ಸಲ, ಎದ್ದು ಮೂರು ನಿಮಿಷ ನಿಂತು ಇನ್ನೊಂದು ಸಲ ನೋಡಿ ಬರೆದು ತರಬೇಕು ಎಂದರು.

“ನಿಮ್ಮ ಭಾಷೆಯಲ್ಲೇ ಹೇಳ್ತೀನಿ ಮಾಸ್ತರೇ. ಎದ್ದು ನಿಂತಾಗ ರಕ್ತ ಕಾಲಿನ ಕಡೆ ಜಾರುತ್ತೆ. ಆಗ ರಕ್ತನಾಳಗಳು ಪೈಜಾಮದ ಲಾಡಿ ಎಳೆದ ಹಾಗೆ ಬಿಗಿಯಾಗಬೇಕು. ವಯಸ್ಸಾದ ಮೇಲೆ ಕೆಲವರಿಗೆ ಆ ಲಾಡಿ ಎಳೆಯೋ ಕೈ ನಿಧಾನ. ಕೂತಾಗ ಏರು, ನಿಂತಾಗ ಇಳಿ. ಇಳಿತ ದಿನಾ ಇಪ್ಪತ್ತು ದಾಟ್ತಿದ್ರೆ ನಿಂತು ಮಾಡೋ ಕೆಲಸ ಸದ್ಯಕ್ಕೆ ಬಿಡಿ. ಮಾತ್ರೆ ಬದಲಾಯಿಸಿ ನೋಡೋಣ.”

ಡಾಕ್ಟರು ಹೇಳಿದ ಕೊನೆಯ ಎರಡು ಮಾತುಗಳಲ್ಲಿ ಮಾಸ್ತರ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ. ದಾರಿಯಲ್ಲಿ ಮಗಳು, ಇಪ್ಪತ್ತು ದಾಟಿದರೆ ಕತ್ತರಿ ಕೆಳಗಿಡುತ್ತೀಯಾ ಎಂದು ಕೇಳಿದಳು. ಇಡುತ್ತೇನೆ ಎಂದರು. ಯಾವತ್ತೂ ಮಾತಿಗೆ ತಪ್ಪದ ಮನುಷ್ಯ. ಮಗಳು ನೆಮ್ಮದಿಯಿಂದ ಹೊಸ ಯಂತ್ರವೊಂದನ್ನು ಕೊಂಡು ತಂದು, ತೋಳಿಗೆ ಪಟ್ಟಿ ಸುತ್ತುವುದು, ಗುಂಡಿ ಒತ್ತುವುದು ಎರಡನ್ನೂ ಇಬ್ಬರಿಗೂ ಕಲಿಸಿಕೊಟ್ಟಳು.

ಕತ್ತರಿ ಕೆಳಗಿಟ್ಟ ಮೇಲೆ ಏನಾಗುತ್ತದೆ ಎಂಬುದು ಮಾಸ್ತರಿಗೆ ಗೊತ್ತಿತ್ತು, ಕಣ್ಣಾರೆ ಕಂಡಿದ್ದರು. ಅವರಿಗೆ ಕೆಲಸ ಕಲಿಸಿದ ದೊಡ್ಡ ಮಾಸ್ತರಿಗೆ ಅರವತ್ತೆಂಟರಲ್ಲಿ ಕಾಲು ಸೋತಿತು. ಟೇಬಲು ಬಿಟ್ಟು ಮೂಲೆಯ ಸ್ಟೂಲಿಗೆ ಬಂದರು. ಕೂತು ಮಾಡಬಹುದಾದದ್ದು ಗುಂಡಿ ಹಾಕುವುದು, ಗುಂಡಿಯ ತೂತಿಗೆ ಕಾಜಾ ಹೊಲಿಯುವುದು. ಅದಕ್ಕೂ ಕಣ್ಣು ಸಾಲದು. ಬರುವ ಗಿರಾಕಿಗಳು ಅವರನ್ನು ದಾಟಿಕೊಂಡು ಟೇಬಲಿನ ಹತ್ತಿರ ಹೋಗುತ್ತಿದ್ದರು. ಮೂವತ್ತು ವರ್ಷ ಅವರ ಕೈಯಲ್ಲೇ ಅಂಗಿ ಹೊಲಿಸಿಕೊಂಡವರೊಬ್ಬರು, ‘ಸ್ವಲ್ಪ ಈಚೆ ಸರೀರಿ ಅಜ್ಜ’ ಎಂದದ್ದನ್ನು ಮಾಸ್ತರು ಆ ಟೇಬಲಿನ ಮುಂದೆ ನಿಂತೇ ಕೇಳಿಸಿಕೊಂಡಿದ್ದರು. ದೊಡ್ಡ ಮಾಸ್ತರು ಸರಿದು ಕೂತರು. ಅದಾಗಿ ಏಳು ತಿಂಗಳಿಗೆ ಹೋಗಿಬಿಟ್ಟರು. ಮಾಸ್ತರು ಈ ಕಥೆಯನ್ನು ಅಕ್ಕನಿಗೆ ಇಡೀ ಸಂಸಾರದಲ್ಲಿ ಎರಡೇ ಸಲ ಹೇಳಿದ್ದರು. ಎರಡು ಸಲವೂ ‘ಸರೀರಿ ಅಜ್ಜ’ ಎಂಬಲ್ಲಿಗೆ ನಿಲ್ಲಿಸಿದ್ದರು.

ಬೆಳಗ್ಗೆ ಎಂಟೂವರೆಗೆ, ಅಂಗಡಿಯ ಷಟರು ಎತ್ತುವ ಮುಂಚೆ, ಒತ್ತಡ ನೋಡುವ ಕೆಲಸ. ಮಾಸ್ತರು ಗಿರಾಕಿಯ ಕುರ್ಚಿಯಲ್ಲಿ ಕೂತರು. ಅಕ್ಕ ಸ್ಟೂಲನ್ನು ಅವರ ಕಡೆ ತಿರುಗಿಸಲು ಹೋದರು.

“ಆ ಕಡೆ ತಿರುಗೇ. ನಿನ್ನ ಮುಖ ನೋಡಿದ್ರೆ ಬಿ.ಪಿ. ಏರುತ್ತೆ” ಎಂದರು ಮಾಸ್ತರು.

“ನಲವತ್ತೊಂದು ವರ್ಷ ನೋಡಿ ಏರದೇ ಇದ್ದದ್ದು ಈಗ ಏರುತ್ತಾ?”

“ಏರಿದ್ದು ಹೇಗೆ ಅಂತೀಯ ಮತ್ತೆ?”

ಅಕ್ಕ ನಗುತ್ತ ಗೋಡೆಗೆ ತಿರುಗಿದರು. ಅವರ ಬೆನ್ನಿಗೂ ಅದೇ ಅಭ್ಯಾಸ. ಗೋಡೆಯ ಮೇಲೆ ಗಡಿಯಾರವಿತ್ತು. ಹೊತ್ತು ನೋಡುವುದು ಅಕ್ಕನ ಪಾಲಿಗೆ, ಅಂಕಿ ಓದುವುದು ಮಾಸ್ತರ ಪಾಲಿಗೆ ಬಂತು. ಐದು ನಿಮಿಷವಾದಾಗ ಅಕ್ಕ ‘ಹೂಂ’ ಎಂದರು. ಯಂತ್ರ ಗುಂಯ್ಗುಟ್ಟಿ ಬೀಪ್ ಎಂದಿತು. “ನೂರ ಐವತ್ತೆಂಟು.” ಬರೆದರು. ಕುರ್ಚಿ ಕಿರುಗುಟ್ಟಿತು, ಮಾಸ್ತರು ಎದ್ದರು. ಮೂರು ನಿಮಿಷ. ಮತ್ತೆ ಗುಂಯ್, ಬೀಪ್. “ನೂರ ಐವತ್ತು.” ಅಕ್ಕ ಅದನ್ನೂ ಬರೆದರು. ಇಳಿತ ಎಂಟೇ.

ಯಂತ್ರದಲ್ಲಿ ಆವತ್ತು ಕಂಡದ್ದು ನೂರ ಎಂಟು. ಅದು ಅಕ್ಕನಿಗೆ ಗೊತ್ತಾಗಲು ಇನ್ನೂ ನಲವತ್ತೇಳು ದಿನ ಬೇಕಾಗಿತ್ತು.

ಮಾಸ್ತರು ಅಂಥ ಸುಳ್ಳುಗಾರರಲ್ಲ. ಬಟ್ಟೆ ಅರ್ಧ ಅಡಿ ಮಿಕ್ಕರೂ ಸುತ್ತಿ ಗಿರಾಕಿಯ ಕೈಗೇ ಕೊಡುವವರು. ಆದರೆ ಅಂಕಿಯೊಂದನ್ನು ಗಟ್ಟಿಯಾಗಿ ಹೇಳುವಾಗ ಸ್ವಲ್ಪ ಮೃದು ಮಾಡುವುದು ಸುಳ್ಳಲ್ಲ, ಮರ್ಯಾದೆ ಎಂದು ನಲವತ್ತೊಂದು ವರ್ಷ ನಂಬಿದವರು. ಈಗ ಆ ಮರ್ಯಾದೆಯನ್ನು ತಮಗೇ ಕೊಟ್ಟುಕೊಂಡರು. ಗಿರಾಕಿಯ ವಿಷಯದಲ್ಲಾದರೆ ಕೂಡಿಸಿ ಬರೆಯುವ ಒಬ್ಬರಿದ್ದರು. ಇಲ್ಲಿ ಅಕ್ಕನಿಗೆ ಏನೂ ಹೇಳಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಾಗೆ, ದಿನಾ ಕೂತಾಗಿನ ಅಂಕಿಯಿಂದ ಎಂಟು ಕಳೆದು ಹೇಳುತ್ತ ಹೋದರು. ನೂರ ಅರವತ್ತಾದರೆ ನೂರ ಐವತ್ತೆರಡು, ನೂರ ಐವತ್ತಾರಾದರೆ ನೂರ ನಲವತ್ತೆಂಟು.

ಎರಡು ವಾರದ ಕೊನೆಗೆ ಮಗಳು ಪುಸ್ತಕ ನೋಡಿ ಸಮಾಧಾನಪಟ್ಟಳು. ಡಾಕ್ಟರೂ ನೋಡಿದರು. ಕೂತಾಗ ಏರು ಇದೆ, ನಿಂತಾಗ ಹೆಚ್ಚು ಇಳಿಯುತ್ತಿಲ್ಲ. ಹಾಗಾದರೆ ಏರನ್ನು ತಗ್ಗಿಸಬೇಕು. ಎರಡನೆಯ ಮಾತ್ರೆಯೊಂದನ್ನು ಬರೆದುಕೊಟ್ಟರು. ಇದು ಕೆಲವರಿಗೆ ಒಣಕೆಮ್ಮು ತರಿಸುತ್ತದೆ, ಬಂದರೆ ತಿಳಿಸಿ ಎಂದರು. ಇನ್ನೂ ಐದು ವಾರ ಹೀಗೆಯೇ ಬರೆದು ತನ್ನಿ ಎಂದರು.

ಮಾಸ್ತರಿಗೆ ಆವತ್ತು ಖುಷಿಯಾಯಿತು. ಟೇಬಲು ಉಳಿಯಿತು. ಅಂಗಡಿಗೆ ಬಂದವರೇ ವಕೀಲರ ಪ್ಯಾಂಟನ್ನು ಕತ್ತರಿಸಿದರು. ಮಧ್ಯಾಹ್ನ ಅಕ್ಕನಿಗೆ, “ಕೂತು ತಿನ್ನೋನಿಗೆ ಕುಡಿಕೆ ಹೊನ್ನು ಸಾಲದು ಅಂತಾರೆ. ನಾನು ನಿಂತೇ ತಿಂತೀನಿ ಬಿಡು” ಎಂದು ಟೀ ಲೋಟವನ್ನು ಟೇಬಲಿನ ಮೇಲಿಟ್ಟುಕೊಂಡು ನಿಂತೇ ಕುಡಿದರು.

ಆಮೇಲಿನ ದಿನಗಳಲ್ಲಿ ಕಣ್ಣಿಗೆ ಬಿದ್ದದ್ದು ಎಷ್ಟೋ ಇತ್ತು. ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸಿನ ಬೆರಳಚ್ಚುಗಳು ಗೋಡೆಯ ಮೇಲೆ ಕಾಣಿಸಿಕೊಂಡವು. ಟೇಬಲಿನಿಂದ ಬಾಗಿಲವರೆಗೆ, ಮೊಣಕೈ ಎತ್ತರದಲ್ಲಿ, ಹೆಜ್ಜೆಗೊಂದರಂತೆ. ಅಕ್ಕ ಒದ್ದೆ ಬಟ್ಟೆ ತಂದು ಒರೆಸಿದರು. ಎರಡು ದಿನಕ್ಕೆ ಮತ್ತೆ ಬಂದವು, ಮತ್ತೆ ಒರೆಸಿದರು. ಸುಣ್ಣ ಹೊಡೆದ ಗೋಡೆಗೆ ಕೈ ಒರೆಸಬೇಡಿ ಎಂದು ಗದರಿದರು. ಗಿರಾಕಿಯ ಕುರ್ಚಿ ದಿನಕ್ಕೊಂದಿಷ್ಟು ಟೇಬಲಿನ ಹತ್ತಿರ ಸರಿಯತೊಡಗಿತು. ಒಂದು ಅಂಗಿಯ ಎಡತೋಳು ಬಲಕ್ಕಿಂತ ಮುಕ್ಕಾಲು ಇಂಚು ಗಿಡ್ಡವಾಯಿತು. ಹಿಂದಿನ ಕೋಣೆಯವರು ಅದನ್ನು ಗುಟ್ಟಾಗಿ ಸರಿಮಾಡಿದರು, ಮಾಸ್ತರಿಗೆ ಹೇಳಲಿಲ್ಲ. ಆ ಅಂಗಡಿಯಲ್ಲಿ ಎಲ್ಲರೂ ಎಲ್ಲರ ಮಾನ ಕಾಪಾಡುವವರೇ.

ಎರಡನೆಯ ಮಾತ್ರೆ ಶುರುವಾಗಿ ಹತ್ತು ದಿನಕ್ಕೆ ಕೆಮ್ಮು ಬಂತು. ಒಣಕೆಮ್ಮು, ಹೊತ್ತುಗೊತ್ತಿಲ್ಲದೆ ಬರುತ್ತಿತ್ತು. ಅಕ್ಕ ಪುಸ್ತಕದ ಅಂಚಿನಲ್ಲಿ ‘ಕೆಮ್ಮು ಇದೆ, ಡಾಕ್ಟರಿಗೆ ಹೇಳುವುದು’ ಎಂದು ಬರೆದಿಟ್ಟರು. ಆ ಮಾತ್ರೆಯಿಂದ ಕೂತಾಗಿನ ಅಂಕಿ ಚೆನ್ನಾಗಿ ಇಳಿದು ನೂರ ಮೂವತ್ತರ ಆಸುಪಾಸಿಗೆ ಬಂದಿತ್ತು. ಮಗಳು ಪ್ರತಿ ಭಾನುವಾರ ಬಂದು ಎರಡು ಸಾಲು ಅಂಕಿಗಳ ಮೇಲೆ ಕಣ್ಣಾಡಿಸಿ, ಅಮ್ಮನ ಬರಹ ಈಗಲೂ ಮುತ್ತಿನ ಹಾಗಿದೆ ಎಂದು ಹೊಗಳಿ ಹೋಗುತ್ತಿದ್ದಳು.

ನಲವತ್ತೇಳನೆಯ ದಿನ ಬೆಳಗ್ಗೆಯೂ ಎಲ್ಲ ಹಾಗೆಯೇ ನಡೆಯಿತು. ಮಾಸ್ತರು ಕುರ್ಚಿಯಲ್ಲಿ ಕೂತರು, ಅಕ್ಕ ಗೋಡೆಗೆ ತಿರುಗಿ ಕೂತರು. ಐದು ನಿಮಿಷ, ಬೀಪ್, “ನೂರ ಮೂವತ್ತಾರು.” ಕುರ್ಚಿ ಕಿರುಗುಟ್ಟಿತು. ಗಡಿಯಾರದ ಮುಳ್ಳು ಮೂರು ಸುತ್ತು ಬರುವ ತನಕ ಹಿಂದಿನಿಂದ ಟೇಬಲಿನ ಮರ ಒಂದೆರಡು ಸಲ ನರಳಿದ್ದು ಕೇಳಿಸಿತು. ಯಾರೋ ಅದಕ್ಕೆ ಭಾರ ಬಿಟ್ಟು ಒರಗಿದ ಹಾಗೆ. ಯಂತ್ರ ಬೀಪ್ ಎಂದಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮಾಸ್ತರು ಸಣ್ಣಗೆ ಒಮ್ಮೆ ಕೆಮ್ಮಿದರು. ಕೆಮ್ಮಿ, ಅಂಕಿ ಹೇಳಿದರು. ಅಕ್ಕ ಬರೆದರು. ಇಳಿತ ಎಂಟು. ಪುಸ್ತಕ ಮುಚ್ಚಿ, ಅವರ ಕಡೆ ನೋಡದೆ ಷಟರು ಎತ್ತಲು ಹೋದರು. ಟೀ ತರುವವನು ಹೊರಗಿನಿಂದ ತಟ್ಟುತ್ತಿದ್ದ.

ಷಟರು ಅರ್ಧ ಮೇಲೇರಿದಾಗ ಹಿಂದೆ ಸದ್ದಾಯಿತು. ಮಾಸ್ತರು ಆ ದಿನದ ಬಟ್ಟೆಗೆಂದು ಕೆಳಗಿನ ಗೂಡಿಗೆ ಬಗ್ಗಿ, ಎದ್ದಿದ್ದರು. ಬೀಳುವಾಗ ಅವರ ಎಡ ಸೊಂಟ ಟೇಬಲಿನ ಕಾಲಿಗೆ ಬಡಿದಿತ್ತು. ಅಕ್ಕ ಓಡಿಬಂದಾಗ ಅವರು ನೆಲದ ಮೇಲೆ, ತಮ್ಮ ಪಾದಗಳು ಸವೆಸಿದ ಆ ಎರಡು ನುಣುಪು ಗುರುತುಗಳ ಮೇಲೆಯೇ ಕೆನ್ನೆಯಿಟ್ಟು ಮಲಗಿದ್ದರು. ಪ್ರಜ್ಞೆಯಿತ್ತು. ಎಡಗಾಲು ಹೊರಕ್ಕೆ ತಿರುಗಿತ್ತು, ಬಲಗಾಲಿಗಿಂತ ಗಿಡ್ಡವಾಗಿ ಕಾಣುತ್ತಿತ್ತು.

“ಒಂದು ಇಂಚು ಕಡಿಮೆಯಾಯ್ತು ನೋಡು” ಎಂದರು ಮಾಸ್ತರು.

ತೊಡೆಯ ಮೂಳೆ ಸೊಂಟದ ಕೀಲಿನ ಹತ್ತಿರ ಮುರಿದಿತ್ತು. ಮಾರನೆಯ ದಿನ ಆಪರೇಷನ್. ಬಿದ್ದದ್ದು ಹೇಗೆ ಎಂದು ಆಸ್ಪತ್ರೆಯವರು ಕೇಳಿದಾಗ ಮಗಳು ಹೆಮ್ಮೆಯಿಂದಲೇ ಪುಸ್ತಕ ಕೊಟ್ಟಳು. ಯಂತ್ರ ಇದ್ದರೆ ಅದನ್ನೂ ತನ್ನಿ ಎಂದರು. ಯಂತ್ರ ತನ್ನೊಳಗೆ ಕೊನೆಯ ನೂರು ಅಂಕಿಗಳನ್ನು, ದಿನ ಹೊತ್ತು ಸಮೇತ, ಇಟ್ಟುಕೊಂಡಿರುತ್ತದೆ. ಅದನ್ನು ಕೊಂಡು ತಂದ ದಿನ ಮಗಳು ಅಪ್ಪ ಅಮ್ಮನಿಗೆ ಅವನ್ನು ಮತ್ತೆ ತೋರಿಸುವ ಗುಂಡಿಯ ವಿಷಯ ಹೇಳಿರಲಿಲ್ಲ. ಬೇಕಾದೀತು ಎಂದು ಅವಳಿಗೂ ಹೊಳೆದಿರಲಿಲ್ಲ.

ಆಪರೇಷನ್ ನಡೆಯುತ್ತಿದ್ದಾಗ ಹೊರಗಿನ ಬೆಂಚಿನ ಮೇಲೆ ಕೂತು ಮಗಳು ಗುಂಡಿ ಒತ್ತುತ್ತ, ಅಂಕಿ ಓದುತ್ತ ಹೋದಳು. ಅಕ್ಕ ಪಕ್ಕದಲ್ಲಿ ಕೂತು ಪುಸ್ತಕದಲ್ಲಿ ಬೆರಳಿಟ್ಟು ತಾಳೆ ನೋಡಿದರು. ಕೂತಾಗಿನದು ನಲವತ್ತೇಳಕ್ಕೆ ನಲವತ್ತೇಳೂ ಸರಿಯಾಗಿದ್ದವು. ನಿಂತಾಗಿನದು ಒಂದೂ ಸರಿಯಿರಲಿಲ್ಲ. ನೂರ ಎಂಟು, ನೂರ ಹನ್ನೆರಡು, ನೂರ ನಾಲ್ಕು. ಎರಡನೆಯ ಮಾತ್ರೆಯ ನಂತರ ತೊಂಬತ್ತೊಂಬತ್ತು, ತೊಂಬತ್ಮೂರು, ತೊಂಬತ್ತೊಂದು. ಕೊನೆಯ ದಿನದ್ದು ಎಂಬತ್ತೆಂಟು.

ಮಗಳು ಯಂತ್ರವನ್ನು ಮಡಿಲಲ್ಲಿಟ್ಟುಕೊಂಡಳು. ಲ್ಯಾಬಿನಲ್ಲಿ ಯಾರಾದರೂ ಹೀಗೆ ಒಂದೇ ಸಮನೆ ಎಂಟೆಂಟರ ವ್ಯತ್ಯಾಸದ ಪಟ್ಟಿ ತಂದಿದ್ದರೆ, ನೋಡದೆ ಬರೆದದ್ದು ಎಂದು ಅರ್ಧ ನಿಮಿಷದಲ್ಲಿ ವಾಪಸು ಕಳಿಸುತ್ತಿದ್ದೆ ಎಂದಳು. ಅಕ್ಕನ ಬೆರಳು ಎಂಟೆಂಟರ ಆ ಸಾಲಿನ ಮೇಲೆಯೇ ಇತ್ತು. ಯಾರ ಎರಡು ಕಾಲೂ ಸಮನಾಗಿರುವುದಿಲ್ಲ, ಕಾಲಿಂಚಾದರೂ ವ್ಯತ್ಯಾಸ ಇದ್ದೇ ಇರುತ್ತದೆ, ಸಮ ಬಂದರೆ ಮತ್ತೆ ಅಳೆಯಬೇಕು ಎಂಬುದು ಮಾಸ್ತರು ಹಿಂದಿನ ಕೋಣೆಯವರಿಗೆಲ್ಲ ಕಲಿಸಿದ ಮೊದಲ ಪಾಠ. ನಲವತ್ತೊಂದು ವರ್ಷ ಆ ಪಾಠ ಅಕ್ಕನ ಕಿವಿಯ ಮೇಲೂ ಬಿದ್ದಿತ್ತು.

ಡಾಕ್ಟರು ನೋಡಲು ಬಂದ ದಿನ ಮಗಳು ಪಟ್ಟುಹಿಡಿದು ಕೇಳಿದ್ದರಿಂದ ಹೇಳಿದರು, ತಾವಾಗಿ ಹೇಳುತ್ತಿರಲಿಲ್ಲವೇನೋ. “ನಿಜವಾದ ಅಂಕಿ ಗೊತ್ತಿದ್ದಿದ್ರೆ ಎರಡನೇ ಮಾತ್ರೆ ಕೊಡ್ತಾನೇ ಇರ್ಲಿಲ್ಲ. ಮೊದಲನೇದನ್ನ ಕಡಿಮೆ ಮಾಡಿ, ಕಾಲಿಗೆ ಬಿಗಿ ಸಾಕ್ಸ್ ಹಾಕ್ಸಿ, ನಿಧಾನಕ್ಕೆ ಏಳೋದು ಕಲಿಸ್ತಿದ್ದೆ. ಒಂದೆರಡು ತಿಂಗಳು ಅಷ್ಟೇ. ಆಮೇಲೆ ಬಹುಶಃ ಮತ್ತೆ ಟೇಬಲ್ ಹತ್ತಿರ ನಿಲ್ತಿದ್ರು.”

ಒಂದೆರಡು ತಿಂಗಳು ಎಂಬ ಮಾತು ಅಕ್ಕನ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಉಳಿಯಿತು. ಮಾಸ್ತರು ಹೆದರಿದ್ದು ಜನ್ಮಕ್ಕೆಲ್ಲ ಸ್ಟೂಲಿನ ಮೇಲೆ ಕೂರಬೇಕಾಗುತ್ತದೆ ಎಂದು.

ಮಾಸ್ತರು ಮತ್ತೆ ನಿಲ್ಲಲಿಲ್ಲ. ಆಪರೇಷನ್ ಆದ ಮೂರನೆಯ ದಿನ ಇಬ್ಬರು ಹಿಡಿದು ಎಬ್ಬಿಸಿದರು. ಮಂಚದ ಅಂಚಿನಲ್ಲಿ ಕೂತೊಡನೆಯೇ ಕಣ್ಣು ಮೇಲಾಯಿತು. ಒಂದು ವಾರವಾಗುವಷ್ಟರಲ್ಲಿ ಎದೆಯಲ್ಲಿ ಕಫ ಕಟ್ಟಿತು, ಜ್ವರ ಬಂತು, ಬುದ್ಧಿ ಗೊಂದಲವಾಯಿತು. ಆಸ್ಪತ್ರೆಯ ಸೂರು ನೋಡುತ್ತ, ಎರಡು ಕೈಗಳ ನಡುವೆ ಇಲ್ಲದ ಟೇಪೊಂದನ್ನು ಎಳೆದು ಹಿಡಿದು ಅಂಕಿಗಳನ್ನು ಕೂಗತೊಡಗಿದರು. ಭುಜ ಹದಿನೆಂಟು. ತೋಳು ಇಪ್ಪತ್ನಾಲ್ಕೂವರೆ. ಕೊರಳು ಹದಿನೈದೂವರೆ. ಪಕ್ಕದ ಮಂಚದವರು ಬೇಸರಪಟ್ಟರು. ಮಾಸ್ತರು ಒಂದು ಅಂಕಿ ಹೇಳಿ ಕಾಯುತ್ತಿದ್ದರು. ಕಾದು, ಯಾರೂ ಬರೆದುಕೊಳ್ಳುತ್ತಿಲ್ಲವೆಂದು ಸಿಡುಕಿ, ಅದನ್ನೇ ಮತ್ತೆ ಹೇಳುತ್ತಿದ್ದರು. ಕೊನೆಗೆ ಅಕ್ಕ ಔಷಧದ ಚೀಟಿಯ ಹಿಂಬದಿಯಲ್ಲಿ ಬರೆಯಲು ಶುರುಮಾಡಿದರು. ಪೆನ್ಸಿಲಿನ ಸದ್ದು ಕೇಳಿದ ಮೇಲೆ ಮಾಸ್ತರು ಶಾಂತರಾದರು. ಒಂದಾದ ಮೇಲೊಂದು, ಉಸಿರಿನಷ್ಟೇ ಅಂತರದಲ್ಲಿ, ಯಾವುದೋ ಕಾಲದಲ್ಲಿ ಅಂಗಡಿಗೆ ಬಂದಿದ್ದ ಯಾರು ಯಾರದೋ ಅಳತೆಗಳು ಬಂದವು.

ನಡುವೆ ಅವರು ಸುಮ್ಮನಾದ ಒಂದು ಮಧ್ಯಾಹ್ನ ಅಕ್ಕ ಮಂಚದ ಹತ್ತಿರಕ್ಕೆ ಬಗ್ಗಿದರು.

“ರೀ. ಆವತ್ತು ಬೆಳಗ್ಗೆ ಕೆಮ್ಮಿದ್ರಲ್ಲ, ಮಾತ್ರೆಯ ಕೆಮ್ಮಾ? ಅಥವಾ ನನಗೆ ಹೇಳಿದ್ದಾ?”

ಮಾಸ್ತರು ಅವರನ್ನು ನೋಡಿದರು. ಗುರುತು ಸಿಕ್ಕ ಹಾಗಿತ್ತು. ತುಟಿ ಅಲುಗಿತು.

“ಆಯ್ತಲ್ಲ. ಮುಂದಿನವರನ್ನ ಕರಿ” ಎಂದರು.

ಬಿದ್ದ ಇಪ್ಪತ್ಮೂರನೆಯ ದಿನ ಬೆಳಗ್ಗೆ ತೀರಿಕೊಂಡರು.

ಅಂಗಡಿ ಈಗ ಇಲ್ಲ. ಹಿಂದಿನ ಕೋಣೆಯವರು ಇಬ್ಬರೂ ಬೇರೆ ಕಡೆ ಸೇರಿಕೊಂಡರು. ಕತ್ತರಿಸದೆ ಉಳಿದಿದ್ದ ಬಟ್ಟೆಗಳನ್ನು ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ಒಯ್ದರು. ವಕೀಲರೂ ಬಂದರು, ಬಟ್ಟೆಗಾಗಿ ಅಲ್ಲ. ಅಕ್ಕನ ಎದುರು, ಮಾಸ್ತರು ಹಿಡಿದಿದ್ದ ಆ ಕಾಲರನ್ನು ಮುಟ್ಟಿಕೊಂಡು ನಿಂತಿದ್ದು ಹೋದರು. ಟೇಬಲನ್ನು ಕೊಳ್ಳಲು ಬಂದವನಿಗೆ ಅದರ ಎತ್ತರ ಹೊಂದಲಿಲ್ಲ, ಕಾಲು ಎರಡು ಇಂಚು ಕೊಯ್ಯಿಸಿಕೊಂಡು ತೆಗೆದುಕೊಂಡು ಹೋದ. ಗೋಡೆಯ ಮೇಲೆ ಚಾಕ್‌ಪೀಸಿನ ಬೆರಳಚ್ಚುಗಳು ಉಳಿದಿರಬಹುದೇ ಎಂದು ಅಕ್ಕ ಟಾರ್ಚು ಹಿಡಿದು ಹುಡುಕಿದರು. ಚೆನ್ನಾಗಿಯೇ ಒರೆಸಿದ್ದರು. ಒಂದೂ ಉಳಿದಿರಲಿಲ್ಲ.

ಈಗ ಅವರು ಮಗಳ ಮನೆಯಲ್ಲಿದ್ದಾರೆ. ಮಗಳು ಅವರ ಒತ್ತಡವನ್ನು ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ, ತಾನೇ ಕಣ್ಣಿಟ್ಟು ನೋಡಿ ಬರೆದುಕೊಳ್ಳುತ್ತಾಳೆ. ಇಬ್ಬರೂ ಆ ಹೊತ್ತಿನಲ್ಲಿ ಮಾತಾಡುವುದಿಲ್ಲ. ಅಳತೆ ಪುಸ್ತಕಗಳು ಒಟ್ಟು ಅರವತ್ತಮೂರು, ಒಂದು ಟ್ರಂಕಿನಲ್ಲಿವೆ. ಅಕ್ಕ ಆಗಾಗ ತೆಗೆದು ಚುಕ್ಕೆಗಳನ್ನು ನೋಡುತ್ತಾರೆ. ಮಾಸ್ತರು ಕೆಮ್ಮಿದ ಒಂದು ಸಲವೂ ಚುಕ್ಕೆ ತಪ್ಪಿಲ್ಲ. ಅರವತ್ನಾಲ್ಕನೆಯದು ಒತ್ತಡದ ಪುಸ್ತಕ. ಅದರ ಕೊನೆಯ ಸಾಲಿನಲ್ಲಿ ಅಂಕಿ ಮುತ್ತಿನ ಹಾಗಿದೆ, ಪಕ್ಕದಲ್ಲಿ ಚುಕ್ಕೆ ಇಲ್ಲ.

ಮಾತ್ರೆಯ ಕೆಮ್ಮೇ ಇರಬೇಕು ಎಂದು ಮಗಳು ಎಷ್ಟೋ ಸಲ ಹೇಳಿದ್ದಾಳೆ. ಇರಬಹುದು. ದಿನವಿಡೀ ಕೆಮ್ಮುತ್ತಿದ್ದರು, ಅದು ನಿಜ. ಆದರೆ ಆವತ್ತು ಬೀಪ್ ಎಂದ ಮೇಲೆ ಸ್ವಲ್ಪ ಹೊತ್ತು ಏನೂ ಇರಲಿಲ್ಲ, ಆಮೇಲೆ ಒಂದೇ ಒಂದು ಸಣ್ಣ ಕೆಮ್ಮು, ಗಿರಾಕಿಯ ಸೊಂಟ ಹೇಳುವ ಮುಂಚಿನಷ್ಟೇ ಸಣ್ಣದು. ಎಷ್ಟು ಕೂಡಿಸಬೇಕು, ಎಷ್ಟು ಕಳೆಯಬೇಕು ಎಂದು ಗೊತ್ತಾಗಬೇಕಿರಲಿಲ್ಲ. ಸ್ಟೂಲಿನ ಮೇಲೆ ಒಮ್ಮೆ ತಿರುಗಿ ಅವರ ಮುಖ ನೋಡಿದ್ದರೆ ಸಾಕಿತ್ತು. ಅಕ್ಕ ತಿರುಗಲಿಲ್ಲ. ಪೆನ್ಸಿಲು ಹಿಡಿದು, ಗೋಡೆ ನೋಡುತ್ತ, ಹಿಂದಿನಿಂದ ಬಂದ ಆ ದನಿ ಹೇಳಿದ್ದನ್ನೇ ಬರೆದುಕೊಂಡರು: “ನೂರ ಇಪ್ಪತ್ತೆಂಟು.”